ಘಾಟಿ ಹತ್ತುವಾಗ ಎಂಜಿನ್ ಗಾಳಿಯನ್ನು ಹೇಗೆ ತೂಗುತ್ತದೆ?

ಸಂಪಾಜೆ ಗೇಟು ದಾಟಿ ಮಡಿಕೇರಿ ಕಡೆಗೆ ಹತ್ತುತ್ತಿದ್ದ ಹಾಗೆ, ಜೋಡುಪಾಲದ ಆಸುಪಾಸಿನಲ್ಲಿ ಕಿವಿ ಗುಂಯ್ ಅಂದು ಮುಚ್ಚಿಕೊಳ್ಳುತ್ತದೆ. ಎಂಜಲು ನುಂಗಿದರೆ ಪಟ್ ಅಂತ ಬಿಟ್ಟುಕೊಳ್ಳುತ್ತದೆ. ನಮ್ಮ ಕಡೆಯವರಿಗೆಲ್ಲ ಇದು ಚಿಕ್ಕಂದಿನಿಂದ ಗೊತ್ತು. ಹೊರಗಿನ ಗಾಳಿಯ ಒತ್ತಡ ಕಮ್ಮಿಯಾಗಿದೆ, ಕಿವಿಯ ಒಳಗಿನದು ಇನ್ನೂ ಕೆಳಗಿನ ಊರಿನದೇ ಇದೆ, ಅದಕ್ಕೆ ಹಾಗೆ. ಅದೇ ಹೊತ್ತಿಗೆ ಬಾನೆಟ್ಟಿನ ಕೆಳಗೆ ಒಂದು ಸಣ್ಣ ಸೆನ್ಸರ್ ಕೂಡ ಇದೇ ಒತ್ತಡವನ್ನು ಗಮನಿಸುತ್ತಾ ಇರುತ್ತದೆ. ಅದು ಕೊಡುವ ಸುಳಿವನ್ನು ಹಿಡಿದುಕೊಂಡು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಹುಡುಕುತ್ತದೆ: ಈಗ ಸಿಲಿಂಡರಿನೊಳಗೆ ಎಷ್ಟು ಗ್ರಾಂ ಗಾಳಿ ಹೋಯಿತು?

ಎಷ್ಟು ಲೀಟರ್ ಅಂತ ಕೇಳದೆ ಎಷ್ಟು ಗ್ರಾಂ ಅಂತ ಕೇಳುವುದಕ್ಕೆ ಕಾರಣ ಇದೆ. ಪೆಟ್ರೋಲು ಪೂರ್ತಿ ಉರಿಯಬೇಕಾದರೆ ತನ್ನ ತೂಕದ 14.7 ಪಟ್ಟು ಗಾಳಿ ಬೇಕು. ಗಾಳಿ ಜಾಸ್ತಿಯಾದರೆ ಎಂಜಿನ್ ಜಗ್ಗುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ. ಪೆಟ್ರೋಲು ಜಾಸ್ತಿಯಾದರೆ ಮೈಲೇಜು ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ. ಹೊಗೆಯನ್ನು ಚೊಕ್ಕ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಲ್ಲ, ಅದು ಇನ್ನೂ ಸೂಕ್ಷ್ಮ. ಅಳತೆ ಶೇಕಡ 1ರ ಆಸುಪಾಸಿನಲ್ಲೇ ಇದ್ದರೆ ಮಾತ್ರ ಅದು ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲು, ನೈಟ್ರೋಜನ್ ಆಕ್ಸೈಡ್ ಈ ಮೂರನ್ನೂ ಒಟ್ಟಿಗೆ ಕಮ್ಮಿ ಮಾಡಬಲ್ಲದು.

ಪೆಟ್ರೋಲನ್ನು ಅಳೆಯುವುದು ಅಷ್ಟು ಕಷ್ಟ ಅಲ್ಲ. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿತ್ತು ಅಂತ ಗೊತ್ತಿದ್ದರೆ ಎಷ್ಟು ಸುರಿಯಿತು ಅಂತ ಹೇಳಬಹುದು. ತೊಂದರೆ ಇರುವುದು ಗಾಳಿಯಲ್ಲಿ. ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲು ಬಿಡುತ್ತಿದ್ದೇವೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಪೆಟ್ರೋಲ್ ಗಾಡಿಯಲ್ಲಿ ಕಾಲು ತೆರೆಯುವುದು ಗಾಳಿಯ ಬಾಗಿಲನ್ನು, ಅಂದರೆ ಥ್ರಾಟಲನ್ನು. ಆ ಬಾಗಿಲಿನಿಂದ ಬಂದ ಗಾಳಿ ಎಷ್ಟು ಅಂತ ಅಂದಾಜು ಮಾಡಿ, ಅದಕ್ಕೆ ತಕ್ಕಷ್ಟು ಪೆಟ್ರೋಲು ಹಾಕುವುದು ಇಸಿಯುವಿನ ಕೆಲಸ. ಸಿಲಿಂಡರಿನ ಒಳಗೆ ತಕ್ಕಡಿ ಇಡಲು ಆಗುವುದಿಲ್ಲ. ಹಾಗಾಗಿ ಈ ಇಡೀ ವಿಷಯದಲ್ಲಿ ಅಂದಾಜು ಅನ್ನುವ ಮಾತು ಬಿಟ್ಟು ಹೋಗುವುದೇ ಇಲ್ಲ.

ಈ ಅಂದಾಜು ಹೇಗೆ ನಡೆಯುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ನಮ್ಮ ಕೊಡಗಿನ ರಸ್ತೆಗಳಂಥ ಜಾಗ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಬಯಲುಸೀಮೆಯಲ್ಲಿ ದಿನವಿಡೀ ಓಡಿಸಿದರೂ ಗಾಳಿ ಹೆಚ್ಚುಕಮ್ಮಿ ಒಂದೇ ಥರ. ಇಲ್ಲಿ ಒಂದೂವರೆ ಗಂಟೆಯೊಳಗೆ ಗಾಳಿಯೇ ಬೇರೆಯಾಗಿಬಿಡುತ್ತದೆ.

ಸುಳ್ಯದ ಗಾಳಿ, ಮಡಿಕೇರಿಯ ಗಾಳಿ

ನನ್ನದು 1.2 ಲೀಟರಿನ, ನಾಲ್ಕು ಸಿಲಿಂಡರಿನ ಸಾಧಾರಣ ಪೆಟ್ರೋಲ್ ಕಾರು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಸ್ಟೇರಿಂಗಿನ ಕೆಳಗಿರುವ, ಗ್ಯಾರೇಜಿನವರು ಗಾಡಿ ತಪಾಸಣೆಗೆ ಬಳಸುವ ಒಬಿಡಿ ಸಾಕೆಟ್ಟಿಗೆ ಒಂದು ಸಣ್ಣ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದ್ದೇನೆ. ಎಂಜಿನ್ನಿನ ಲೆಕ್ಕವೆಲ್ಲ ಫೋನಿನಲ್ಲಿ ಕಾಣುತ್ತದೆ. ಬೆಳಿಗ್ಗೆ ಮಡಿಕೇರಿಯಲ್ಲಿ ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು ನೋಡಿದರೆ ಒತ್ತಡ 88 ಅಥವಾ 89 ಕಿಲೋಪ್ಯಾಸ್ಕಲ್ ಅಂತ ತೋರಿಸುತ್ತದೆ. ಘಾಟಿಯ ಕೆಳಗಿನ ಸುಳ್ಯದಲ್ಲಿ ಅದೇ ಥರ ನೋಡಿದರೆ 100. ಎಂಜಿನ್ ತಿರುಗದೇ ಇರುವಾಗ ಒಳಗೂ ಹೊರಗೂ ಒಂದೇ ಒತ್ತಡ. ಹಾಗಾಗಿ ಇದು ಊರಿನ ಗಾಳಿಯ ಒತ್ತಡವೇ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಸುಳ್ಯ ನೂರು ಮೀಟರಿನ ಆಸುಪಾಸು. ಆ ವ್ಯತ್ಯಾಸವೇ ಫೋನಿನಲ್ಲಿ ಕಾಣುವುದು.

ಈಗ ತೂಕದ ಲೆಕ್ಕ. ಒತ್ತಡ ಕಮ್ಮಿಯಾದರೆ ಒಂದು ಲೀಟರ್ ಜಾಗದಲ್ಲಿ ಹಿಡಿಯುವ ಗಾಳಿ ಕಮ್ಮಿಯಾಗುತ್ತದೆ. ಬಿಸಿ ಜಾಸ್ತಿಯಾದರೂ ಕಮ್ಮಿಯಾಗುತ್ತದೆ. ಸುಳ್ಯದಲ್ಲಿ 32 ಡಿಗ್ರಿ ಬಿಸಿಲು ಅಂತ ಇಟ್ಟುಕೊಳ್ಳಿ. ಅಲ್ಲಿ ಒಂದು ಲೀಟರ್ ಗಾಳಿ ಸುಮಾರು 1.14 ಗ್ರಾಂ ತೂಗುತ್ತದೆ. ಮಡಿಕೇರಿಯಲ್ಲಿ 20 ಡಿಗ್ರಿ ಇದ್ದರೆ ಸುಮಾರು 1.05 ಗ್ರಾಂ. ಒತ್ತಡ ಮಾತ್ರ ನೋಡಿದರೆ ಶೇಕಡ 11ರಿಂದ 12ರಷ್ಟು ನಷ್ಟ ಆಗಬೇಕಿತ್ತು. ಆದರೆ ನಮ್ಮ ಊರಿನ ತಂಪು ಅದರಲ್ಲಿ ಸ್ವಲ್ಪ ವಾಪಸ್ ಕೊಡುತ್ತದೆ. ಕೊನೆಗೆ ನಷ್ಟ ಶೇಕಡ 8ಕ್ಕೆ ನಿಲ್ಲುತ್ತದೆ. ಟರ್ಬೊ ಇಲ್ಲದ ಗಾಡಿ ಘಾಟಿಯ ಮೇಲಿನ ತಿರುವುಗಳಲ್ಲಿ ಮಂಕಾಗುವುದು ಇದಕ್ಕೇ. ಕೆಳಗಿನ ತಿರುವಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಗಾಡಿ ಮದೆನಾಡಿನ ಹತ್ತಿರ ಎರಡನೇ ಗೇರು ಕೇಳುತ್ತದೆ.

ಹಿಂದೆ ದೊಡ್ಡಪ್ಪನ ಹತ್ತಿರ ಒಂದು ಪೆಟ್ರೋಲ್ ಜೀಪು ಇತ್ತು. ಕಾರ್ಬೊರೇಟರಿನದು. ಅದರಲ್ಲಿ ಸೆನ್ಸರೂ ಇಲ್ಲ, ಲೆಕ್ಕವೂ ಇಲ್ಲ. ಗಾಳಿ ಒಂದು ಕಿರಿದಾದ ಗಂಟಲಿನ ಮೂಲಕ ರಭಸವಾಗಿ ಹೋಗುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಆ ಎಳೆತಕ್ಕೆ ಜೆಟ್ಟಿನಿಂದ ಪೆಟ್ರೋಲು ಚಿಮ್ಮುತ್ತದೆ. ಗಾಳಿಯೇ ತನಗೆ ಬೇಕಾದ ಪೆಟ್ರೋಲನ್ನು ಎಳೆದುಕೊಳ್ಳುವ ಈ ಉಪಾಯ ನಿಜಕ್ಕೂ ಚಂದದ್ದು. ಒಂದೇ ಕೊರತೆ: ಗಾಳಿ ಎಷ್ಟು ತೆಳುವಾಯಿತೋ ಅಷ್ಟೇ ಪ್ರಮಾಣದಲ್ಲಿ ಪೆಟ್ರೋಲು ಕಮ್ಮಿಯಾಗುವುದಿಲ್ಲ. ಗಾಳಿಯ ಸಾಂದ್ರತೆ ಶೇಕಡ 12ರಷ್ಟು ಇಳಿದರೆ ಪೆಟ್ರೋಲು ಶೇಕಡ 6ರಷ್ಟು ಮಾತ್ರ ಇಳಿಯುತ್ತದೆ, ಏಕೆಂದರೆ ಅದು ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುತ್ತದೆ. ಹಾಗಾಗಿ ಮೇಲೆ ಹತ್ತಿದಷ್ಟೂ ಮಿಶ್ರಣದಲ್ಲಿ ಪೆಟ್ರೋಲು ಜಾಸ್ತಿ. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿಕೊಂಡು ಬಂದ ಜೀಪು ಮನೆಗೆ ಬಂದ ಮೇಲೆ ಕಪ್ಪು ಹೊಗೆ ಬಿಡುತ್ತಿತ್ತು. ದೊಡ್ಡಪ್ಪ ಜಗಲಿಯಲ್ಲಿ ಕೂತು, ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ ಮಸಿ ತೆಗೆಯುತ್ತಿದ್ದರು. "ಇದಕ್ಕೆ ನಮ್ಮೂರಿನ ಗಾಳಿ ಆಗುವುದಿಲ್ಲ" ಅನ್ನುತ್ತಿದ್ದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮೂರು ಸುಳಿವು, ಒಂದು ಲೆಕ್ಕ

ಇಂದಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಬೇರೆ ವಿಷಯಗಳನ್ನು ಅಳೆದು ಗಾಳಿಯನ್ನು ಲೆಕ್ಕ ಹಾಕುತ್ತವೆ. ಥ್ರಾಟಲ್ ದಾಟಿದ ಗಾಳಿ ಸಿಲಿಂಡರಿಗೆ ಹೋಗುವ ಮೊದಲು ಒಂದು ಡಬ್ಬದಂಥ ಜಾಗದಲ್ಲಿ ನಿಲ್ಲುತ್ತದೆ. ಅದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್ ಅನ್ನುತ್ತಾರೆ. ಅಲ್ಲಿನ ಒತ್ತಡ ಹೇಳುವುದು ಮ್ಯಾಪ್ ಸೆನ್ಸರ್. ಗಾಳಿಯ ಬಿಸಿ ಹೇಳಲು ಇನ್ನೊಂದು ಸೆನ್ಸರ್. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಹೇಳಲು ಪಿಸ್ಟನ್‌ಗಳು ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕಿನ, ಹತ್ತಿರ ಮೂರನೆಯದು. ಈ ಮೂರು ಸಿಕ್ಕಿದರೆ ಲೆಕ್ಕ ಶುರು ಮಾಡಬಹುದು. ವೇಗ ಮತ್ತು ಸಾಂದ್ರತೆ ಎರಡನ್ನೂ ಹಿಡಿದು ಮಾಡುವ ಲೆಕ್ಕ ಆದ್ದರಿಂದ ಈ ದಾರಿಗೆ ಸ್ಪೀಡ್ ಡೆನ್ಸಿಟಿ ಅಂತ ಹೆಸರು. ಇದು ಹೊಸದೇನಲ್ಲ. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಅನ್ನುವ ವ್ಯವಸ್ಥೆ 1967ರಲ್ಲೇ ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲು ಹಾಕುತ್ತಿತ್ತು. ಆ ಡಿ ಅಂದರೆ ಜರ್ಮನ್ ಭಾಷೆಯಲ್ಲಿ ಒತ್ತಡ ಅನ್ನುವ ಪದದ ಮೊದಲ ಅಕ್ಷರ.

ಒಮ್ಮೆ ಲೆಕ್ಕ ಹಾಕಿಯೇ ನೋಡೋಣ. ಘಾಟಿ ಏರಿನಲ್ಲಿ ನನ್ನ ಕಾರು ಎರಡನೇ ಗೇರಿನಲ್ಲಿದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ. ಮ್ಯಾನಿಫೋಲ್ಡಿನ ಒತ್ತಡ 70 ಕಿಲೋಪ್ಯಾಸ್ಕಲ್. ಒಳಗಿನ ಗಾಳಿಯ ಬಿಸಿ 40 ಡಿಗ್ರಿ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಂದು ಸಲ ಉಸಿರು ಎಳೆದುಕೊಳ್ಳುತ್ತದೆ. ಅಂದರೆ 3,000 ಸುತ್ತಿಗೆ 1,500 ಸಲ ಪೂರ್ತಿ 1.2 ಲೀಟರ್. ನಿಮಿಷಕ್ಕೆ 1,800 ಲೀಟರ್, ಸೆಕೆಂಡಿಗೆ 30 ಲೀಟರ್. ಒಂದು ಸೆಕೆಂಡಿಗೆ ಎರಡು ಕೊಡಪಾನ ತುಂಬುವಷ್ಟು! ಆದರೆ ಇದು ಮ್ಯಾನಿಫೋಲ್ಡಿನ ತೆಳು ಗಾಳಿ. 70 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ, 40 ಡಿಗ್ರಿ ಬಿಸಿಯಲ್ಲಿ, ಅದರ ತೂಕ ಲೀಟರಿಗೆ 0.78 ಗ್ರಾಂ ಮಾತ್ರ. 30 ಲೀಟರಿಗೆ 23 ಗ್ರಾಂ ಚಿಲ್ಲರೆ.

ಇಷ್ಟೂ ಗಾಳಿ ಸಿಲಿಂಡರಿಗೆ ಹೋಗುತ್ತದೆಯೇ? ಇಲ್ಲ. ವಾಲ್ವಿನ ಸಂದಿಯಲ್ಲಿ ನುಗ್ಗುವಾಗ ಸ್ವಲ್ಪ ತಡೆ. ಬಿಸಿ ಗೋಡೆಗೆ ತಾಗಿ ಹಿಗ್ಗುವುದರಿಂದ ಸ್ವಲ್ಪ ನಷ್ಟ. ಹಿಂದಿನ ಸಲ ಉರಿದ ಹೊಗೆ ಪೂರ್ತಿ ಖಾಲಿಯಾಗದೆ ಒಳಗೇ ಸ್ವಲ್ಪ ಜಾಗ ಹಿಡಿದುಕೊಂಡಿರುತ್ತದೆ. ಎಲ್ಲ ಸೇರಿ 100ರಲ್ಲಿ 85 ಭಾಗ ಹೋಗುತ್ತದೆ ಅಂತ ಇಟ್ಟುಕೊಂಡರೆ ಸೆಕೆಂಡಿಗೆ 20 ಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲು 1.36 ಗ್ರಾಂ.

ಇದನ್ನೇ ಇನ್ನೂ ಹತ್ತಿರದಿಂದ ನೋಡಿ. ಈ ವೇಗದಲ್ಲಿ ನಾಲ್ಕು ಸಿಲಿಂಡರೂ ಸೇರಿ ಸೆಕೆಂಡಿಗೆ 100 ಸಲ ಉಸಿರು ಎಳೆಯುತ್ತವೆ. ಒಂದು ಉಸಿರಿಗೆ ಬರುವುದು 0.2 ಗ್ರಾಂ ಗಾಳಿ. ಅದಕ್ಕೆ ಹಾಕಬೇಕಾದ ಪೆಟ್ರೋಲು 14 ಮಿಲಿಗ್ರಾಮಿಗಿಂತ ಸ್ವಲ್ಪ ಕಮ್ಮಿ. ಕಣ್ಣಿಗೆ ಔಷಧ ಬಿಡುವಾಗ ಬೀಳುವ ಒಂದು ಹನಿ ಇದೆಯಲ್ಲ, ಅದರ ಮೂರನೇ ಒಂದು ಪಾಲು. ಅಷ್ಟನ್ನು, ಸೆಕೆಂಡಿಗೆ ನೂರು ಸಲ, ಶೇಕಡ 1ರ ತಪ್ಪಿಗೂ ಜಾಗ ಕೊಡದೆ ಹಾಕುವ ಕೆಲಸ. ನನಗೆ ಈ ಲೆಕ್ಕ ಮೊದಲ ಸಲ ಅರ್ಥವಾದ ದಿನ ಗಾಡಿ ನಿಲ್ಲಿಸಿ ಬಾನೆಟ್ ತೆರೆದು ಸುಮ್ನೆ ನೋಡುತ್ತಾ ನಿಂತಿದ್ದೆ.

ಆ 85 ಅನ್ನುವ ಸಂಖ್ಯೆ

ಮೇಲಿನ ಲೆಕ್ಕದಲ್ಲಿ ಒತ್ತಡ, ಬಿಸಿ, ವೇಗ ಮೂರೂ ಅಳೆದದ್ದು. 85 ಮಾತ್ರ ಅಳೆದದ್ದಲ್ಲ. ಇದಕ್ಕೆ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ ಅನ್ನುತ್ತಾರೆ. ಎಂಜಿನ್ ಎಷ್ಟು ಚೆನ್ನಾಗಿ ಉಸಿರಾಡುತ್ತದೆ ಅನ್ನುವ ಅಳತೆ ಅಂದರೆ ಸಾಕು. ಈ ಸಂಖ್ಯೆ ಒಂದೇ ಆಗಿ ನಿಲ್ಲುವುದಿಲ್ಲ. ಗಾಡಿ ನಿಂತು ಎಂಜಿನ್ ಸುಮ್ನೆ ತಿರುಗುವ ಐಡ್ಲಿಂಗಿನಲ್ಲಿ ಬೇರೆ, 3,000 ಸುತ್ತಿನಲ್ಲಿ ಬೇರೆ, 6,000ದಲ್ಲಿ ಬೇರೆ. ಎಂಜಿನ್ ಜಾಸ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುವ ವೇಗದ ಹತ್ತಿರ ಇದು ಎತ್ತರಕ್ಕೆ ಹೋಗುತ್ತದೆ. ನುಗ್ಗಿ ಬರುವ ಗಾಳಿಗೂ ತೂಕ ಇದೆ, ಓಟ ಇದೆ. ಪಿಸ್ಟನ್ ಕೆಳಗೆ ಮುಟ್ಟಿ ವಾಪಸ್ ಹೊರಟ ಮೇಲೂ ಅದು ತನ್ನ ಓಟದಲ್ಲೇ ಒಳಗೆ ನುಗ್ಗುತ್ತಿರುತ್ತದೆ. ಕೊಳವೆಗಳ ಉದ್ದ, ವಾಲ್ವ್ ಮುಚ್ಚುವ ಹೊತ್ತು ಸರಿಯಾಗಿ ಕೂಡಿಬಂದರೆ ಈ ಸಂಖ್ಯೆ 100ನ್ನೂ ದಾಟುವುದುಂಟು.

ಹೀಗಾಗಿ ತಯಾರಿಸುವವರು ಎಂಜಿನ್ನನ್ನು ಟೆಸ್ಟ್ ಬೆಂಚಿನಲ್ಲಿ ಕಟ್ಟಿ, ಒಂದೊಂದು ವೇಗ, ಒಂದೊಂದು ಒತ್ತಡದಲ್ಲಿ ಓಡಿಸಿ, ದೊಡ್ಡದೊಂದು ಕೋಷ್ಟಕ ತುಂಬುತ್ತಾರೆ. ಗುಣಾಕಾರದ ಮಗ್ಗಿಯ ಥರ, ಅಡ್ಡಕ್ಕೆ ವೇಗ, ಉದ್ದಕ್ಕೆ ಒತ್ತಡ, ಮನೆಯೊಳಗೆ ಉತ್ತರ. ಇಸಿಯು ಆ ಮನೆಯಿಂದ ಸಂಖ್ಯೆ ಎತ್ತಿಕೊಳ್ಳುತ್ತದೆ. ಎರಡು ಮನೆಗಳ ನಡುವೆ ಇದ್ದರೆ ಅಂದಾಜಿನಲ್ಲಿ ನಡುವಿನದನ್ನು ತೆಗೆದುಕೊಳ್ಳುತ್ತದೆ.

ಬೆಟ್ಟದವರಾದ ನಮಗೆ ಸಂಬಂಧಪಟ್ಟ ಒಂದು ವಿಷಯ ಇಲ್ಲಿದೆ. ಮ್ಯಾನಿಫೋಲ್ಡಿನ ಒತ್ತಡ 70 ಅಂತ ಸುಳ್ಯದಲ್ಲೂ ಇರಬಹುದು, ಮಡಿಕೇರಿಯಲ್ಲೂ ಇರಬಹುದು. ವೇಗವೂ ಅದೇ, ಬಿಸಿಯೂ ಅದೇ ಆಗಿರಬಹುದು. ಹಾಗಿದ್ದರೆ ಗಾಳಿಯೂ ಅಷ್ಟೇ ಇರಬೇಕಲ್ಲ? ಇರುವುದಿಲ್ಲ. ಮಡಿಕೇರಿಯಲ್ಲಿ ಒಂದು ಚೂರು ಜಾಸ್ತಿ ಹೋಗುತ್ತದೆ. ಕಾರಣ ಸೈಲೆನ್ಸರಿನ ಕಡೆ ಇದೆ. ಹೊರಗಿನ ಒತ್ತಡ ಕಮ್ಮಿ ಇರುವ ಕಡೆ ಉರಿದ ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ. ಸಿಲಿಂಡರಿನಲ್ಲಿ ಹಳೆಯ ಹೊಗೆ ಕಮ್ಮಿ ಉಳಿಯುತ್ತದೆ. ಹೊಸ ಗಾಳಿಗೆ ಜಾಗ ಜಾಸ್ತಿ ಸಿಗುತ್ತದೆ. ಹಾಗಾಗಿ ಒಳಗಿನ ಒತ್ತಡ ಗೊತ್ತಿದ್ದರೆ ಸಾಲದು, ಊರಿನ ಒತ್ತಡವೂ ಇಸಿಯುವಿಗೆ ಗೊತ್ತಿರಬೇಕು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಇಳಿಜಾರಿನ ವಿಷಯ ಬಂದಾಗ ಬೇಕಾಗುತ್ತದೆ.

ಬೆಲ್ಲದ ಕಾಫಿ ಮತ್ತು ಬಿಸಿ ತಂತಿ

ಇನ್ನೊಂದು ದಾರಿಯಲ್ಲಿ ಗಾಳಿಯನ್ನು ಬಾಗಿಲಲ್ಲೇ ಅಳೆಯುತ್ತಾರೆ. ಏರ್ ಫಿಲ್ಟರ್ ದಾಟಿದ ಕೂಡಲೇ ಮಾಫ್ ಸೆನ್ಸರ್ ಅಂತ ಒಂದು ಇರುತ್ತದೆ. ಇದರ ಕೆಲಸ ತಿಳಿಯಬೇಕಾದರೆ ಮಳೆಗಾಲದ ಸಂಜೆ ಒಂದು ಲೋಟ ಬೆಲ್ಲದ ಕಾಫಿ ಕೈಯಲ್ಲಿ ಹಿಡಿದುಕೊಳ್ಳಿ. ಉಫ್ ಅಂತ ಊದಿದರೆ ಕಾಫಿ ಬೇಗ ಆರುತ್ತದೆ. ಜೋರಾಗಿ ಊದಿದರೆ ಇನ್ನೂ ಬೇಗ. ಈಗ ಲೋಟದ ಕೆಳಗೆ ಸಣ್ಣ ಉರಿ ಇಟ್ಟು, ಕಾಫಿ ಒಂದೇ ಬಿಸಿಯಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು ಅಂತ ಅಂದುಕೊಳ್ಳಿ. ನೀವು ಜೋರಾಗಿ ಊದಿದಷ್ಟೂ ಉರಿ ಜಾಸ್ತಿ ಮಾಡಬೇಕು. ಎಷ್ಟು ಉರಿ ಬೇಕಾಯಿತು ಅಂತ ನೋಡಿದರೆ ಎಷ್ಟು ಗಾಳಿ ಊದಿದಿರಿ ಅಂತ ಹೇಳಬಹುದು.

ಮಾಫ್ ಸೆನ್ಸರಿನಲ್ಲಿ ಕಾಫಿಯ ಬದಲು ಒಂದು ಪ್ಲಾಟಿನಂ ತಂತಿ ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದರ ದಪ್ಪ 70 ಮೈಕ್ರಾನ್, ನಮ್ಮ ತಲೆಕೂದಲಿನಷ್ಟು. ಉರಿಯ ಬದಲು ಕರೆಂಟು. ತಂತಿಯನ್ನು ಹೊರಗಿನ ಗಾಳಿಗಿಂತ ಒಂದೇ ಪ್ರಮಾಣದಲ್ಲಿ ಬಿಸಿಯಾಗಿ ಇಡಲು ಎಷ್ಟು ಕರೆಂಟು ಬೇಕು ಅನ್ನುವುದೇ ಗಾಳಿಯ ಅಳತೆ. ಗಾಳಿ ತೆಳುವಾಗಿದ್ದರೆ ಕಡಿಮೆ ಕಣಗಳು ತಂತಿಗೆ ತಾಗುತ್ತವೆ, ಕಡಿಮೆ ಬಿಸಿ ಹೊತ್ತುಕೊಂಡು ಹೋಗುತ್ತವೆ. ಹಾಗಾಗಿ ಇದು ತೂಕವನ್ನೇ ಅಳೆದ ಹಾಗೆ. ಎತ್ತರಕ್ಕೆ ಅಂತ ಬೇರೆ ಲೆಕ್ಕ ಬೇಕಿಲ್ಲ. ಬಿಸಿ ತಂತಿಯಿಂದ ಎಷ್ಟು ಶಾಖ ಹೋಗುತ್ತದೆ ಅನ್ನುವ ನಿಯಮವನ್ನು ಎಲ್. ವಿ. ಕಿಂಗ್ ಅನ್ನುವ ವಿಜ್ಞಾನಿ 1914ರಲ್ಲಿ ಬರೆದಿಟ್ಟಿದ್ದರು. ಶಾಖ ಹೋಗುವುದು ಗಾಳಿಯ ಹರಿವಿನ ವರ್ಗಮೂಲದ ಪ್ರಕಾರ ಏರುತ್ತದೆ. ಇದರಿಂದ ಒಂದು ಒಳ್ಳೆಯದಾಗಿದೆ. ಗಾಳಿ ಕಮ್ಮಿ ಇರುವ ಐಡ್ಲಿಂಗಿನಲ್ಲಿ, ಎಲ್ಲಿ ಸೂಕ್ಷ್ಮತೆ ಬೇಕೋ ಅಲ್ಲೇ, ಸೆನ್ಸರ್ ಹೆಚ್ಚು ಚುರುಕಾಗಿರುತ್ತದೆ.

ತಂತಿಗೆ ಧೂಳು ಅಂಟಿದರೆ ಅದು ಕಂಬಳಿ ಹೊದ್ದ ಹಾಗೆ. ಶಾಖ ಹೋಗುವುದು ಕಮ್ಮಿಯಾಗುತ್ತದೆ, ಗಾಳಿ ಕಮ್ಮಿ ಅಂತ ತೋರಿಸುತ್ತದೆ. ಹಳೆಯ ವ್ಯವಸ್ಥೆಗಳಲ್ಲಿ ಗಾಡಿ ಆಫ್ ಮಾಡಿದ ಮೇಲೆ ತಂತಿಯನ್ನು ಒಂದು ಕ್ಷಣ ಸುಮಾರು 1,000 ಡಿಗ್ರಿಗೆ ಕಾಯಿಸಿ ಕೊಳೆ ಸುಡುತ್ತಿದ್ದರು. ಈಗ ತಂತಿಯ ಜಾಗಕ್ಕೆ ತೆಳು ಪದರ ಬಂದಿದೆ. ಬಿಸಿ ಜಾಗದ ಎರಡೂ ಪಕ್ಕ ಬಿಸಿ ಅಳೆದು, ಗಾಳಿ ಹಿಂದಕ್ಕೆ ತಳ್ಳಿದರೂ ಗೊತ್ತು ಮಾಡಿಕೊಳ್ಳುವ ಸೆನ್ಸರ್‌ಗಳೂ ಇವೆ.

ಮಾಫ್ ಸೆನ್ಸರಿಗೆ ಒಂದು ಷರತ್ತು: ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ ತನ್ನ ಮುಂದೆಯೇ ಹೋಗಬೇಕು. ಹೋದ ವರ್ಷ ಮಳೆ ಬಿಟ್ಟ ಮೇಲೆ, ಮಾಫ್ ಸೆನ್ಸರ್ ಇರುವ ಭಾವನ ಗಾಡಿಯಲ್ಲಿ ಚೆಕ್ ಲೈಟ್ ಬಂತು. "ಗಾಡಿಗೆ ಎಂತದೋ ಆಗಿದೆ ಮಾರಾಯ, ನಿಂತಲ್ಲಿ ನಡುಗುತ್ತದೆ" ಅಂತ ಫೋನ್ ಮಾಡಿದರು. ಒಂದು ಗ್ಯಾರೇಜಿನಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಕು ಅಂದಿದ್ದರಂತೆ. ನಾನು ಡಾಂಗಲ್ ತೆಗೆದುಕೊಂಡು ಹೋದೆ. ಫ್ಯುಯೆಲ್ ಟ್ರಿಮ್ ಅಂತ ಒಂದು ಸಂಖ್ಯೆ ಇರುತ್ತದೆ. ಲೆಕ್ಕ ಹಾಕಿದ್ದಕ್ಕಿಂತ ಎಷ್ಟು ಪೆಟ್ರೋಲು ಜಾಸ್ತಿ ಅಥವಾ ಕಮ್ಮಿ ಹಾಕಬೇಕಾಯಿತು ಅಂತ ಅದು ಹೇಳುತ್ತದೆ. ಐಡ್ಲಿಂಗಿನಲ್ಲಿ ಅದು ಪ್ಲಸ್ 18 ಇತ್ತು. ಅಂದರೆ ಲೆಕ್ಕಕ್ಕಿಂತ ಶೇಕಡ 18 ಜಾಸ್ತಿ ಪೆಟ್ರೋಲು. ಭಾವನಿಗೆ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಲು ಹೇಳಿದೆ. 3,000 ಸುತ್ತಿಗೆ ಬಂದಾಗ ಪ್ಲಸ್ 4ಕ್ಕೆ ಇಳಿಯಿತು.

ಇದರಲ್ಲೇ ಉತ್ತರ ಇತ್ತು. ಸೆನ್ಸರ್ ಕೊಳೆಯಾಗಿದ್ದರೆ ವೇಗ ಏರಿದ ಮೇಲೂ ತಪ್ಪು ಉಳಿಯುತ್ತಿತ್ತು. ಎಲ್ಲೋ ಒಂದು ತೂತಿನಿಂದ ಕಳ್ಳ ಗಾಳಿ ಬರುತ್ತಿದ್ದರೆ ಮಾತ್ರ ಹೀಗಾಗುತ್ತದೆ. ಐಡ್ಲಿಂಗಿನಲ್ಲಿ ಒಟ್ಟು ಗಾಳಿ ಸೆಕೆಂಡಿಗೆ ಎರಡು ಗ್ರಾಮಿನ ಆಸುಪಾಸು. ಅದರಲ್ಲಿ ತೂತಿನ ಗಾಳಿ ದೊಡ್ಡ ಪಾಲು. ಒಟ್ಟು ಗಾಳಿ ಜಾಸ್ತಿಯಾದಾಗ ತೂತಿನ ಪಾಲು ಚಿಕ್ಕದಾಗುತ್ತದೆ. ಬ್ಯಾಟರಿ ಬೆಳಕಿನಲ್ಲಿ ಹುಡುಕಿದೆವು. ಥ್ರಾಟಲಿನ ಹಿಂದೆ, ಮ್ಯಾನಿಫೋಲ್ಡಿನಿಂದ ಹೊರಟ ಒಂದು ರಬ್ಬರ್ ಪೈಪನ್ನು ಇಲಿ ಕಡಿದಿತ್ತು. ಪಕ್ಕದಲ್ಲೇ ಒಣಗಿದ ಕಾಫಿ ಎಲೆಯ ಪುಟ್ಟ ಗೂಡು. ತೋಟದ ಶೆಡ್ಡಿನಲ್ಲಿ ಮಳೆಗಾಲವಿಡೀ ನಿಂತ ಗಾಡಿಯ ಬೆಚ್ಚಗಿನ ಎಂಜಿನ್ ಇಲಿಗೆ ಒಳ್ಳೆಯ ಮನೆಯಾಗಿತ್ತು. ಪೈಪ್ ಬದಲಾಯಿಸಿದ ಮೇಲೆ ಟ್ರಿಮ್ ನಿಧಾನಕ್ಕೆ 2ಕ್ಕೆ ಬಂದು ನಿಂತಿತು. ಆಕ್ಸಿಜನ್ ಸೆನ್ಸರ್ ಸರಿಯಾಗಿಯೇ ಇತ್ತು. ತಪ್ಪನ್ನು ತೋರಿಸಿಕೊಟ್ಟದ್ದೇ ಅದು.

ಇದೇ ತೂತು ನನ್ನ ಮ್ಯಾಪ್ ಸೆನ್ಸರಿನ ಕಾರಿನಲ್ಲಿ ಆಗಿದ್ದರೆ ಲಕ್ಷಣ ಬೇರೆ. ಕಳ್ಳ ಗಾಳಿ ಬಂದರೂ ಅದು ಮ್ಯಾನಿಫೋಲ್ಡಿನ ಒತ್ತಡವನ್ನು ಏರಿಸುತ್ತದೆ, ಸೆನ್ಸರಿಗೆ ಕಾಣುತ್ತದೆ, ಪೆಟ್ರೋಲೂ ತಕ್ಕ ಹಾಗೆ ಬೀಳುತ್ತದೆ. ಟ್ರಿಮ್ ಹೆಚ್ಚೇನೂ ಬದಲಾಗುವುದಿಲ್ಲ. ಐಡ್ಲಿಂಗ್ ಮಾತ್ರ ಏರಿ ಕೂರುತ್ತದೆ. ನಿಮ್ಮ ಗಾಡಿಯಲ್ಲಿ ಯಾವ ಸೆನ್ಸರ್ ಇದೆ ಅಂತ ತಿಳಿದುಕೊಂಡಿದ್ದರೆ ಗ್ಯಾರೇಜಿನಲ್ಲಿ ಮಾತಾಡುವುದು ಸುಲಭ.

ಏರ್ ಫಿಲ್ಟರಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಫಿಲ್ಟರ್ ಕಟ್ಟಿಕೊಂಡರೆ ಮೈಲೇಜು ಬೀಳುತ್ತದೆ ಅನ್ನುವ ಮಾತು ಕಾರ್ಬೊರೇಟರ್ ಕಾಲದ್ದು. ಇಂಜೆಕ್ಷನ್ ಗಾಡಿಯಲ್ಲಿ ಗಾಳಿ ಕಮ್ಮಿಯಾದರೆ ಪೆಟ್ರೋಲೂ ಕಮ್ಮಿ ಬೀಳುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿ ಇದನ್ನೇ ಕಂಡುಕೊಂಡಿತು. ಕಮ್ಮಿಯಾಗುವುದು ಪಿಕಪ್. ಘಾಟಿಯಲ್ಲಿ ಓವರ್‌ಟೇಕ್ ಮಾಡುವಾಗ ಪಿಕಪ್ಪೇ ಬೇಕಾದದ್ದು, ಹಾಗಾಗಿ ಫಿಲ್ಟರ್ ಚೊಕ್ಕ ಇಡಲೇಬೇಕು.

ಕಾಲು ಒತ್ತಿದ ಆ ಅರೆಕ್ಷಣ

ಇಷ್ಟು ಹೊತ್ತು ಹೇಳಿದ್ದೆಲ್ಲ ಗಾಡಿ ಒಂದೇ ಹದದಲ್ಲಿ ಹೋಗುವಾಗಿನ ಮಾತು. ನಮ್ಮ ರಸ್ತೆಯಲ್ಲಿ ಅದು ಎಷ್ಟು ಹೊತ್ತು? ತಿರುವು, ಬ್ರೇಕು, ಎದುರಿಗೆ ಬಸ್ಸು, ಮತ್ತೆ ಆಕ್ಸಿಲರೇಟರ್. ಅಂದಾಜು ನಿಜವಾಗಿ ಕಷ್ಟವಾಗುವುದು ಇಲ್ಲಿ.

ತೋಟದಲ್ಲಿ ಪಂಪಿನಿಂದ ನೀರು ಬಂದು ಟ್ಯಾಂಕಿಗೆ ಬೀಳುತ್ತದೆ, ಟ್ಯಾಂಕಿನಿಂದ ಪೈಪಿಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಪಂಪನ್ನು ಒಮ್ಮೆಲೇ ಜೋರು ಮಾಡಿದರೆ ಹೊರಗಿನ ಪೈಪಿನಲ್ಲಿ ಒಮ್ಮೆಲೇ ಜಾಸ್ತಿ ನೀರು ಬರುವುದಿಲ್ಲ. ಮೊದಲು ಟ್ಯಾಂಕಿನ ಮಟ್ಟ ಏರಬೇಕು. ಮ್ಯಾನಿಫೋಲ್ಡ್ ಇಂಥದೇ ಒಂದು ಟ್ಯಾಂಕು. ಥ್ರಾಟಲ್ ತೆರೆದ ಕೂಡಲೇ ನುಗ್ಗಿದ ಗಾಳಿಯಲ್ಲಿ ಒಂದು ಭಾಗ ಮ್ಯಾನಿಫೋಲ್ಡನ್ನು ತುಂಬಲು ಹೋಗುತ್ತದೆ. ಮಾಫ್ ಸೆನ್ಸರ್ ಬಾಗಿಲಲ್ಲಿ ಕೂತಿರುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಷ್ಟು ಗಾಳಿ ಆ ಕ್ಷಣಕ್ಕೆ ಸಿಲಿಂಡರಿಗೆ ಹೋಗಿರುವುದಿಲ್ಲ. ಮ್ಯಾಪ್ ಸೆನ್ಸರಿಗೆ ಟ್ಯಾಂಕಿನ ಮಟ್ಟವೇ ಕಾಣುವುದರಿಂದ ಅದು ಇಲ್ಲಿ ಹತ್ತಿರದ ಉತ್ತರ ಕೊಡುತ್ತದೆ. ಆದರೂ ಒತ್ತಡ ಅಳೆದು, ಲೆಕ್ಕ ಹಾಕಿ, ಇಂಜೆಕ್ಟರ್ ತೆರೆಯುವಷ್ಟರಲ್ಲಿ ಒತ್ತಡ ಇನ್ನಷ್ಟು ಏರಿರುತ್ತದೆ.

ಹಾಗಾಗಿ ಇಸಿಯು ಮುಂದಕ್ಕೆ ನೋಡಬೇಕಾಗುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ, ಅದರ ಆಚೆ ಈಚೆ ಒತ್ತಡ ಎಷ್ಟು ಅಂತ ನೋಡಿ ಎಷ್ಟು ಗಾಳಿ ಒಳಗೆ ಬರುತ್ತದೆ ಅಂತ ಲೆಕ್ಕ ಹಾಕುತ್ತದೆ. ಸಿಲಿಂಡರು ಎಳೆದುಕೊಳ್ಳುವುದನ್ನು ಅದರಿಂದ ಕಳೆಯುತ್ತದೆ. ಉಳಿದದ್ದು ಮ್ಯಾನಿಫೋಲ್ಡಿನ ಒತ್ತಡವನ್ನು ಎಷ್ಟು ಏರಿಸುತ್ತದೆ ಅಂತ ಊಹಿಸುತ್ತದೆ. ಸೆನ್ಸರ್ ಬೇರೆ ಉತ್ತರ ಹೇಳಿದರೆ ತನ್ನ ಊಹೆಯನ್ನು ಸ್ವಲ್ಪ ತಿದ್ದಿಕೊಳ್ಳುತ್ತದೆ. ಊಹಿಸು, ಹೋಲಿಸು, ತಿದ್ದು. ಇದನ್ನು ಕೆಲವು ಮಿಲಿಸೆಕೆಂಡಿಗೊಮ್ಮೆ ಮಾಡುತ್ತಾ ಹೋಗುತ್ತದೆ.

ಥ್ರಾಟಲಿನ ಲೆಕ್ಕದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ಒತ್ತಡ 32ರ ಆಸುಪಾಸು, ಹೊರಗೆ 88. ಒಳಗಿನದು ಹೊರಗಿನದರ 0.53 ಭಾಗಕ್ಕಿಂತ ಕೆಳಗೆ ಹೋದರೆ, ಥ್ರಾಟಲಿನ ಕಿರಿದಾದ ಸಂದಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಅಂದರೆ ಕುಶಾಲನಗರದ ಸಿಗ್ನಲಿನಲ್ಲೋ ಮಡಿಕೇರಿಯ ಟ್ರಾಫಿಕ್ಕಿನಲ್ಲೋ ಸುಮ್ನೆ ನಿಂತ ಗಾಡಿಯ ಥ್ರಾಟಲ್ ಸಂದಿಯಲ್ಲಿ ಗಾಳಿ ಸೆಕೆಂಡಿಗೆ 300 ಮೀಟರಿಗಿಂತ ಜೋರಾಗಿ ಓಡುತ್ತಿರುತ್ತದೆ. ಆಗ ಒಳಗಿನ ಒತ್ತಡ ಇನ್ನೂ ಇಳಿದರೂ ಜಾಸ್ತಿ ಗಾಳಿ ಬರುವುದಿಲ್ಲ. ಎಷ್ಟು ಬರುತ್ತದೆ ಅನ್ನುವುದು ಸಂದಿಯ ಅಳತೆ, ಹೊರಗಿನ ಬಿಸಿ, ಊರಿನ ಒತ್ತಡ ಇವಿಷ್ಟರ ಮೇಲೆ ನಿಲ್ಲುತ್ತದೆ. ಲೆಕ್ಕ ಸುಲಭವಾಗುತ್ತದೆ.

ಕೊನೆಯ ತಪಾಸಣೆ ಹೊಗೆಯ ದಾರಿಯಲ್ಲಿ. ಅಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಉರಿದ ಮೇಲೆ ಆಮ್ಲಜನಕ ಉಳಿಯಿತೋ ಇಲ್ಲವೋ ಹೇಳುತ್ತದೆ. ನಮ್ಮ ಜೂನ್, ಜುಲೈ ಮಳೆಯಲ್ಲಿ ಇದರ ಉಪಕಾರ ದೊಡ್ಡದು. 20 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವವಾಗಿದ್ದರೆ, 88 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ 2.3 ನೀರಿನ ಆವಿಯದ್ದು. ಮ್ಯಾಪ್ ಸೆನ್ಸರಿಗೆ ಆವಿಯೂ ಗಾಳಿಯ ಹಾಗೇ ಕಾಣುತ್ತದೆ. ಪೆಟ್ರೋಲು ಶೇಕಡ 2.6ರಷ್ಟು ಜಾಸ್ತಿ ಬೀಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಹಿಡಿದು ಕಮ್ಮಿ ಮಾಡಿಸುತ್ತದೆ. ಆದರೆ ಅದಕ್ಕೆ ಸುದ್ದಿ ಮುಟ್ಟುವುದು ಉರಿದು ಹೋದ ಮೇಲೆ. ಅದಕ್ಕೇ ಮೊದಲ ಅಂದಾಜು ಸರಿ ಇರಬೇಕು.

ಟರ್ಬೊ ಡೀಸೆಲ್ ಪಿಕಪ್ಪುಗಳ ಕಥೆ ಬೇರೆ. ಡೀಸೆಲ್ಲಿನಲ್ಲಿ ಕಾಲು ಒತ್ತಿದರೆ ಜಾಸ್ತಿಯಾಗುವುದು ಡೀಸೆಲ್ಲೇ. ಅಲ್ಲಿ ಗಾಳಿ ಅಳೆಯುವುದು ಮುಖ್ಯವಾಗಿ ಕಪ್ಪು ಹೊಗೆ ಬಾರದಂತೆ ತಡೆಯಲು, ಮತ್ತು ಎಷ್ಟು ಹೊಗೆಯನ್ನು ವಾಪಸ್ ಎಂಜಿನ್ನಿಗೆ ಬಿಡಬೇಕು ಅಂತ ತೀರ್ಮಾನಿಸಲು.

ಇಳಿಜಾರು

ಈಗ ಊರಿನ ಒತ್ತಡದ ಮಾತಿಗೆ ಬರುತ್ತೇನೆ. ಕೆಲವು ಗಾಡಿಗಳ ಇಸಿಯುವಿನಲ್ಲೇ ಊರಿನ ಒತ್ತಡ ಅಳೆಯುವ ಬೇರೆ ಸೆನ್ಸರ್ ಇರುತ್ತದೆ. ನನ್ನ ಕಾರಿನಲ್ಲಿ ಇಲ್ಲ. ಇರುವ ಒಂದೇ ಮ್ಯಾಪ್ ಸೆನ್ಸರ್ ಎರಡೂ ಕೆಲಸ ಮಾಡಬೇಕು. ಕೀ ತಿರುಗಿಸಿ ಸ್ಟಾರ್ಟ್ ಆಗುವ ಮೊದಲು ಒಮ್ಮೆ ಓದಿ, ಇದೇ ಊರಿನ ಒತ್ತಡ ಅಂತ ಬರೆದಿಟ್ಟುಕೊಳ್ಳುತ್ತದೆ. ಘಾಟಿ ಹತ್ತುವಾಗ ಒತ್ತಡ ಇಳಿಯುತ್ತಾ ಹೋಗುತ್ತದೆ, ಆದರೆ ತೊಂದರೆ ಇಲ್ಲ. ಏರಿನಲ್ಲಿ ಆಗಾಗ ಆಕ್ಸಿಲರೇಟರ್ ಪೂರ್ತಿ ಒತ್ತುತ್ತೇವೆ. ಥ್ರಾಟಲ್ ಪೂರ್ತಿ ತೆರೆದಾಗ ಒಳಗಿನ ಒತ್ತಡ ಹೊರಗಿನದಕ್ಕೆ ಹತ್ತಿರ ಬರುತ್ತದೆ. ಇಸಿಯು ಆಗ ಹಳೆಯ ಸಂಖ್ಯೆಯನ್ನು ತಿದ್ದಿಕೊಳ್ಳುತ್ತದೆ.

ಇಳಿಯುವಾಗ ಹಾಗಲ್ಲ. ತಾಳತ್ತಮನೆ ದಾಟಿದ ಮೇಲೆ ಕಾಲು ಆಕ್ಸಿಲರೇಟರಿನ ಮೇಲೆ ಇರುವುದೇ ಕಮ್ಮಿ. ಗೇರಿನಲ್ಲಿ ಹಿಡಿದುಕೊಂಡು ಇಳಿಯುತ್ತೇವೆ. ಥ್ರಾಟಲ್ ಮುಚ್ಚಿದೆ, ಪೆಟ್ರೋಲು ನಿಂತಿದೆ, ಮ್ಯಾನಿಫೋಲ್ಡಿನ ಒತ್ತಡ ತಳ ಮುಟ್ಟಿದೆ. ಹೊರಗಿನ ಒತ್ತಡ ಏರುತ್ತಲೇ ಇದೆ, ಅದನ್ನು ಓದಲು ಇಸಿಯುವಿಗೆ ದಾರಿಯಿಲ್ಲ. ಸಂಪಾಜೆಗೆ ಬಂದರೂ ಅದು ಇನ್ನೂ ಮಡಿಕೇರಿಯ ಗಾಳಿಯಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ. ಆಗ ಐಡ್ಲಿಂಗಿನ ಗಾಳಿಯ ಲೆಕ್ಕ ಸ್ವಲ್ಪ ತಪ್ಪುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಸರಿದೂಗಿಸುತ್ತದೆ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ನೇರ ರಸ್ತೆ ಸಿಕ್ಕಿ ಒಮ್ಮೆ ಜೋರಾಗಿ ಒತ್ತಿದರೆ ಮ್ಯಾನಿಫೋಲ್ಡಿನಲ್ಲಿ 95 ಕಾಣುತ್ತದೆ. ಊರಿನ ಒತ್ತಡ 88 ಇದ್ದರೆ ಒಳಗೆ 95 ಬರಲು ಸಾಧ್ಯವೇ ಇಲ್ಲ. ಇಸಿಯು ಆಗ ತನ್ನ ಸಂಖ್ಯೆಯನ್ನು ಮೇಲಕ್ಕೆ ತಿದ್ದುತ್ತದೆ.

ಹೋದ ತಿಂಗಳು ಮಂಗಳೂರಿಗೆ ಹೋಗುವಾಗ ಇದನ್ನೇ ನೋಡಬೇಕು ಅಂತ ಫೋನನ್ನು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ್ದೆ. ಪಕ್ಕದಲ್ಲಿ ಕೂತ ಮಗಳಿಗೆ, ಇಸಿಯು ಊರಿನ ಒತ್ತಡ ಅಂತ ಬರೆದಿಟ್ಟುಕೊಂಡ ಸಂಖ್ಯೆ ಓದುವ ಕೆಲಸ ಕೊಟ್ಟಿದ್ದೆ. ಮದೆನಾಡಿನಲ್ಲಿ 88 ಅಂದಳು. ಜೋಡುಪಾಲದಲ್ಲಿ 88. ಕೊಯನಾಡಿನಲ್ಲೂ 88. ಅಷ್ಟರಲ್ಲಿ ಇಬ್ಬರ ಕಿವಿಯೂ ಮುಚ್ಚಿ ಬಿಟ್ಟಾಗಿತ್ತು. ಸಂಪಾಜೆಯಲ್ಲಿ ಚಹಾಕ್ಕೆ ನಿಲ್ಲಿಸಿ ಗಾಡಿ ಆಫ್ ಮಾಡಿದೆ. ಚಹಾ ಕುಡಿದು ಬಂದು ಕೀ ತಿರುಗಿಸಿದೆ, ಸ್ಟಾರ್ಟ್ ಮಾಡಲಿಲ್ಲ. "ಅಪ್ಪಾ, 99!" ಅಂದಳು.